ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿಗೆ ಪ್ರವೇಶ

ಸೈಕಲ್ಲಿನ ಚಕ್ರವನ್ನು ನೋಡದವರಿಲ್ಲ. ತಂತಿಯಂತೆ ತೆಳುವಾದ ಅದರ ಕಡ್ಡಿಗಳು ಸವಾರನನ್ನೂ ಅವನ ಹಿಂದೆ ಕಟ್ಟಿದ ಅಕ್ಕಿಯ ಮೂಟೆಯನ್ನೂ ಹೊರುವುದು ಹೇಗೆ? ಅಂಥ ಒಂದು ಕಡ್ಡಿಯನ್ನು ನೆಲಕ್ಕೆ ಊರಿ ಮೇಲಿನಿಂದ ಅದುಮಿದರೆ ಅದು ಬಾಗಿಹೋಗುವುದು. ಆದರೆ ಚಕ್ರದಲ್ಲಿ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿಯಾಗಿ ಎಳೆದು ಕೂರಿಸಿರುತ್ತಾರೆ. ಭಾರ ಬಿದ್ದಾಗ ಗುಂಬದ ಕೆಳಗಿರುವ ಕಡ್ಡಿಗಳ ಬಿಗಿತ ಕೊಂಚ ಸಡಿಲವಾಗುತ್ತದೆಯೇ ಹೊರತು ಅವು ಅದುಮಲ್ಪಡುವುದಿಲ್ಲ. ಇಂಥ ಪ್ರಶ್ನೆ ತಾನಾಗಿಯೇ ಹುಟ್ಟಿ, ಉತ್ತರ ದೊರೆಯುವತನಕ ಯಾರಿಗೆ ನೆಮ್ಮದಿಯಿರುವುದಿಲ್ಲವೋ ಅವರು ಮೆಕ್ಯಾನಿಕಲ್ ಎಂಜಿನಿಯರಿಂಗನ್ನು ಓದಲು ತಕ್ಕವರು.

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1917ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾಗಿ, ಇಂದು ಅವರ ಹೆಸರನ್ನೇ ಧರಿಸಿರುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲು ಕಲಿಸಿದ ವಿಷಯಗಳು ಎರಡು: ಸಿವಿಲ್ ಮತ್ತು ಮೆಕ್ಯಾನಿಕಲ್. ನಾಲ್ಕು ವರ್ಷಗಳ ಈ ವ್ಯಾಸಂಗದಲ್ಲಿ ಉಷ್ಣವು ಕೆಲಸವಾಗಿ ಮಾರ್ಪಡುವ ಬಗೆ, ದ್ರವಗಳ ಹರಿವು, ವಸ್ತುಗಳ ಬಲ, ಯಂತ್ರಭಾಗಗಳ ಚಲನೆ, ಲೋಹವನ್ನು ಎರಕ ಹೊಯ್ದು ಕೊರೆದು ರೂಪಿಸುವ ಕ್ರಮ ಇವೆಲ್ಲ ಸೇರಿವೆ. ಪಿ.ಯು.ಸಿ.ಯಲ್ಲಿ ನೀವು ಓದುವ ನ್ಯೂಟನ್ನನ ನಿಯಮಗಳೂ ಕಲನಶಾಸ್ತ್ರವೂ ಇದರ ತಳಪಾಯ.

ಹೀಗಿರಲಾಗಿ, ಪ್ರವೇಶವನ್ನು ಪಡೆಯುವ ಬಗೆಯೇನು? ಭೌತವಿಜ್ಞಾನ ಮತ್ತು ಗಣಿತವನ್ನು ಕಡ್ಡಾಯವಾಗಿಯೂ ಮೂರನೆಯದಾಗಿ ಸಾಮಾನ್ಯವಾಗಿ ರಸಾಯನವಿಜ್ಞಾನವನ್ನೂ ಓದಿ, ಈ ಮೂರರಲ್ಲಿ ಒಟ್ಟು ಶೇಕಡಾ 45 ಅಂಕಗಳನ್ನು ಪಡೆದವರು ಅರ್ಹರು. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳವರಿಗೆ ಶೇಕಡಾ 40 ಸಾಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆ, ಎಂದರೆ ಸಿ.ಇ.ಟಿ., ಮುಖ್ಯವಾದ ಬಾಗಿಲು. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗೆ ಜೆ.ಇ.ಇ. ಮೇನ್ ಪರೀಕ್ಷೆಯನ್ನೂ, ಧಾರವಾಡದ ಐ.ಐ.ಟಿ.ಗೆ ಅದರ ಮೇಲೆ ಜೆ.ಇ.ಇ. ಅಡ್ವಾನ್ಸ್ಡ್ ಪರೀಕ್ಷೆಯನ್ನೂ ಬರೆಯಬೇಕು. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿದವರು ಬೇರೊಂದು ಪ್ರವೇಶ ಪರೀಕ್ಷೆಯ ಮೂಲಕ ನೇರವಾಗಿ ಎರಡನೆಯ ವರ್ಷಕ್ಕೆ ಸೇರಬಹುದು. ಇಲ್ಲಿ ಸಿ.ಇ.ಟಿ.ಯ ವಿಚಾರವನ್ನಷ್ಟೇ ವಿವರಿಸುತ್ತೇನೆ.

ಅಂಕಗಳ ತೂಕ

ಸಿ.ಇ.ಟಿ.ಯಲ್ಲಿ ಪ್ರತಿಯೊಂದು ವಿಷಯಕ್ಕೂ 60 ಪ್ರಶ್ನೆಗಳು, 60 ಅಂಕಗಳು, 80 ನಿಮಿಷಗಳು. ಪ್ರಶ್ನೆಯೊಂದಕ್ಕೆ 80 ಸೆಕೆಂಡು ಎಂದಾಯಿತು. ಮೂರು ವಿಷಯಗಳಿಂದ ಒಟ್ಟು 180 ಅಂಕಗಳು. ರ‍್ಯಾಂಕನ್ನು ನಿರ್ಧರಿಸುವಾಗ ಈ ಪರೀಕ್ಷೆಗೆ ಅರ್ಧ ತೂಕ, ಪಿ.ಯು.ಸಿ.ಯ ಇದೇ ಮೂರು ವಿಷಯಗಳಿಗೆ ಉಳಿದರ್ಧ ತೂಕ.

ಒಂದು ಉದಾಹರಣೆ. ಒಬ್ಬಳು ಪಿ.ಯು.ಸಿ.ಯಲ್ಲಿ 300ಕ್ಕೆ 270, ಸಿ.ಇ.ಟಿ.ಯಲ್ಲಿ 180ಕ್ಕೆ 108 ಪಡೆದಳೆನ್ನಿ. ಶೇಕಡಾ 90ರ ಅರ್ಧ 45, ಶೇಕಡಾ 60ರ ಅರ್ಧ 30, ಒಟ್ಟು 75. ಇನ್ನೊಬ್ಬನು ಪಿ.ಯು.ಸಿ.ಯಲ್ಲಿ 240, ಸಿ.ಇ.ಟಿ.ಯಲ್ಲಿ 126 ಪಡೆದನು. ಅವನದು 40 ಮತ್ತು 35. ಒಟ್ಟು ಅದೇ 75. ಪಿ.ಯು.ಸಿ.ಯ 30 ಅಂಕಗಳ ಕೊರತೆಯನ್ನು ಸಿ.ಇ.ಟಿ.ಯ 18 ಅಂಕಗಳು ತುಂಬಿಕೊಟ್ಟವು. ಹಾಗೆಂದು ಪಿ.ಯು.ಸಿ.ಯನ್ನು ಕಡೆಗಣಿಸಿದರೆ ಅರ್ಧ ತೂಕವನ್ನೇ ಕೈಬಿಟ್ಟಂತೆ. ಇನ್ನೊಂದು ಮಾತು: ಈ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕಗಳನ್ನು ಕಳೆಯುವುದಿಲ್ಲ. ಆದುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಅರ್ಜಿಯ ಪತ್ರಗಳು

ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿಯುಂಟು. ಆದರೆ ಇದು ತಾನಾಗಿ ಬರುವುದಿಲ್ಲ. ಅರ್ಜಿಯಲ್ಲಿಯೇ ಕೋರಬೇಕು, ಶಾಲೆಯಿಂದ ಪಡೆದ ಪ್ರಮಾಣಪತ್ರವನ್ನು ತೋರಿಸಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್.ಡಿ. ಸಂಖ್ಯೆಯನ್ನು ಒಂದೂ ಅಂಕಿ ತಪ್ಪದಂತೆ ತುಂಬಬೇಕು. ಹೆಸರು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇರುವಂತೆಯೇ ಇರಲಿ. ಕೊನೆಯ ದಿನ ತಾಲ್ಲೂಕು ಕಚೇರಿಯ ಮುಂದೆ ನಿಲ್ಲುವುದಕ್ಕಿಂತ ಎರಡನೆಯ ಪಿ.ಯು.ಸಿ.ಯ ದಸರಾ ರಜೆಯಲ್ಲಿಯೇ ಈ ಪತ್ರಗಳನ್ನು ಕೂಡಿಸಿಟ್ಟುಕೊಳ್ಳುವುದು ಜಾಣತನ. ನಿಯಮಗಳಲ್ಲಿ ಆಗಾಗ್ಗೆ ಸಣ್ಣ ಬದಲಾವಣೆಗಳಾಗುವುದರಿಂದ ಆಯಾ ವರ್ಷದ ತಿಳಿವಳಿಕೆ ಪುಸ್ತಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದತಕ್ಕದ್ದು.

ಆಯ್ಕೆಗಳ ಪಟ್ಟಿ

ರ‍್ಯಾಂಕು ಪ್ರಕಟವಾದ ಮೇಲೆ ನಿಮಗೆ ಬೇಕಾದ ಕಾಲೇಜು ಮತ್ತು ವಿಭಾಗಗಳನ್ನು ಕ್ರಮವಾಗಿ ಬರೆದು ಕೊಡಬೇಕು. ಅತ್ಯಂತ ದುಬಾರಿಯಾದ ತಪ್ಪು ನಡೆಯುವುದು ಇಲ್ಲಿಯೇ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ತಂದೆಯದು ಒಂದೇ ಲೇತಿನ ಸಣ್ಣ ವರ್ಕ್‌ಷಾಪು. ಮಗನಿಗೆ ಮೆಕ್ಯಾನಿಕಲ್ ಓದಬೇಕೆಂಬ ಹಂಬಲ. ಮನಸ್ಸಿನಲ್ಲಿ ಒಂದು ಒಳ್ಳೆಯ ಕಾಲೇಜೂ ಇತ್ತು. ಆದರೆ, “ಅದು ನನಗೆಲ್ಲಿ ಸಿಗುತ್ತದೆ, ಸಾರ್? ಮೇಲೆ ಬರೆದರೆ ಒಂದು ಅವಕಾಶ ದಂಡ,” ಎಂದುಕೊಂಡು ಊರಿನ ಹತ್ತಿರದ ಕಾಲೇಜನ್ನು ಮೊದಲು ಬರೆದ. ಅದೇ ದೊರೆಯಿತು. ಆಮೇಲೆ ನೋಡಿದರೆ ಅವನ ವರ್ಗದಲ್ಲಿಯೇ ಅವನಿಗಿಂತ ಕೆಳಗಿನ ರ‍್ಯಾಂಕಿನವನೊಬ್ಬನಿಗೆ ಅವನ ಕನಸಿನ ಕಾಲೇಜಿನಲ್ಲಿ ಅದೇ ವಿಭಾಗ ದೊರೆತಿತ್ತು. ಅವನು ನನ್ನಲ್ಲಿಗೆ ಬಂದು ಹೇಳಿದಾಗ ನಾನು ನಾಚಿದೆ. ಎರಡು ವರ್ಷ ಅವನಿಗೆ ಗತಿವಿಜ್ಞಾನವನ್ನು ಕಲಿಸಿದ್ದೆ. ಈ ಪಟ್ಟಿಯ ತರ್ಕವನ್ನು ಒಂದು ಗಂಟೆ ವಿವರಿಸಿರಲಿಲ್ಲ.

ಆ ತರ್ಕ ಬಹಳ ಸರಳವಾದುದು. ಸೀಟುಗಳ ಹಂಚಿಕೆ ರ‍್ಯಾಂಕಿನ ಕ್ರಮದಲ್ಲಿ ನಡೆಯುತ್ತದೆ. ನಿಮ್ಮ ಸರದಿ ಬಂದಾಗ ಗಣಕಯಂತ್ರವು ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತ, ನಿಮಗೆ ಸಲ್ಲಬಹುದಾದ ಸೀಟು ಎಲ್ಲಿ ಮೊದಲು ಖಾಲಿ ಇದೆಯೋ ಅದನ್ನು ಕೊಟ್ಟು ನಿಂತುಬಿಡುತ್ತದೆ. ನಿಮ್ಮ ಮನಸ್ಸಿನ ಕ್ರಮ ಕ, ಖ, ಗ ಎಂದಿರಲಿ. ಕ ಈಗಾಗಲೇ ತುಂಬಿದ್ದರೆ ಯಂತ್ರವು ಖ ಕಡೆಗೆ ಸರಿಯುತ್ತದೆ. ಕ ಎಂಬುದನ್ನು ಮೇಲೆ ಬರೆದುದರಿಂದ ಖ ಸೀಟು ನಿಮ್ಮ ಕೈತಪ್ಪುವುದಿಲ್ಲ. ಏಕೆಂದರೆ ನಿಮ್ಮ ನಂತರದ ರ‍್ಯಾಂಕಿನವರ ಸರದಿ ಇನ್ನೂ ಬಂದಿರುವುದಿಲ್ಲ. ಆದರೆ ಖ ಎಂಬುದನ್ನು ಮೊದಲು ಬರೆದು, ಅದು ಖಾಲಿ ಇದ್ದರೆ, ಕ ಕೂಡ ಖಾಲಿ ಇದ್ದರೂ ಯಂತ್ರ ಅದನ್ನು ನೋಡುವುದೇ ಇಲ್ಲ. ದೊರೆಯಲಾರದ ಆಸೆಯನ್ನು ಮೇಲೆ ಬರೆಯುವುದರಿಂದ ನಷ್ಟವಿಲ್ಲ. ನಿಜವಾದ ಆಸೆಯನ್ನು ಕೆಳಗೆ ಬರೆಯುವುದರಿಂದ ನಷ್ಟವುಂಟು.

ಇದರಿಂದ ಮೂರು ನಿಯಮಗಳು ದೊರೆಯುತ್ತವೆ. ಪಟ್ಟಿಯ ಕ್ರಮ ನಿಮ್ಮ ಮನಸ್ಸಿನ ಕ್ರಮವೇ ಆಗಿರಬೇಕು; ಹಿಂದಿನ ವರ್ಷದ ಕೊನೆಯ ರ‍್ಯಾಂಕುಗಳನ್ನು ನೋಡಿ ಪಟ್ಟಿಯನ್ನು ಕೆಳಕ್ಕೆ ಉದ್ದ ಮಾಡಬಹುದೇ ಹೊರತು ಕ್ರಮವನ್ನು ಬದಲಿಸಬಾರದು. ಸೇರಲು ಒಪ್ಪಬಹುದಾದ ಯಾವುದನ್ನೂ ಬಿಡಬಾರದು. ಸೇರಲು ಎಂದೂ ಒಪ್ಪದಿರುವುದನ್ನು ಬರೆಯಬಾರದು. ಮೊದಲು ಪ್ರಕಟವಾಗುವ ಅಣಕು ಹಂಚಿಕೆಯು ಪಟ್ಟಿಯನ್ನು ತಿದ್ದಿಕೊಳ್ಳಲು ಕೊಡುವ ಅವಕಾಶ. ಅದರಲ್ಲಿ ತೋರಿದ ಸೀಟು ಸಿಕ್ಕೇಬಿಟ್ಟಿತೆಂದು ತಿಳಿಯಬಾರದು.

ಮನಸ್ಸಿನ ಕ್ರಮ ಎಂದೆ. ಅದು ನಿಮ್ಮದಾಗಿರಬೇಕು, ನೆರೆಮನೆಯವರದಲ್ಲ. ಕಂಪ್ಯೂಟರ್ ವಿಭಾಗಕ್ಕೆ ಇಂದು ನೂಕುನುಗ್ಗಲು ಹೆಚ್ಚು. ಅದರಲ್ಲಿ ಆಸಕ್ತಿಯಿರುವವರು ಅದನ್ನೇ ಬರೆಯಲಿ. ಆದರೆ ಸೈಕಲ್ಲಿನ ಕಡ್ಡಿಯ ಪ್ರಶ್ನೆ ನಿಮ್ಮನ್ನು ಕಾಡಿದ್ದರೆ, ಮೆಕ್ಯಾನಿಕಲ್ ಎಂಬ ಹೆಸರನ್ನು ಸಂಕೋಚವಿಲ್ಲದೆ ಮೊದಲ ಸಾಲಿನಲ್ಲಿ ಬರೆಯಿರಿ.

ಆ ಹುಡುಗ ಹತ್ತಿರದ ಕಾಲೇಜಿನಲ್ಲಿಯೇ ಚೆನ್ನಾಗಿ ಓದುತ್ತಿದ್ದಾನೆ. ಅವನಿಗಾದ ನಷ್ಟ ಬಾಳನ್ನೇ ಕೆಡಿಸುವಂಥದ್ದಲ್ಲ. ಆದರೂ ಈಗ ಪ್ರತಿ ವರ್ಷ ಪರೀಕ್ಷೆಗಳು ಮುಗಿದೊಡನೆ ನಾನು ಕಪ್ಪು ಹಲಗೆಯ ಮೇಲೆ ಕ, ಖ, ಗ ಎಂದು ಬರೆದು ಒಂದು ಗಂಟೆ ಈ ಪಾಠವನ್ನು ಮಾಡುತ್ತೇನೆ.