ಊರಿನ ಹಿರಿಯರಿಗೆ ವರ್ಧಂತಿಯ ಹಾರೈಕೆ: ಯಾವ ದಿನ, ಏನೆಂದು ಬರೆಯೋಣ?

ಈ ಸಂಚಿಕೆಯ ಪಾಠದ ವಿಷಯ ಮೇಲ್ನೋಟಕ್ಕೆ ಬಹಳ ಸಣ್ಣದು. ಊರಿನಲ್ಲಿರುವ ತಂದೆ, ತಾಯಿ, ಅಜ್ಜ, ಅಜ್ಜಿಯರ ಹುಟ್ಟುಹಬ್ಬಕ್ಕೆ ನಾವು ಇಲ್ಲಿಂದ ಏನನ್ನು ಕಳಿಸಬೇಕು? ಹೂಗುಚ್ಛವನ್ನೋ ಕೇಕನ್ನೋ ಇಲ್ಲಿ ಕುಳಿತೇ ಅವರ ಮನೆಬಾಗಿಲಿಗೆ ತಲುಪಿಸುವ ಅನುಕೂಲ ಬಂದು ಎಷ್ಟೋ ಕಾಲವಾಯಿತು. ತಪ್ಪೇನಿಲ್ಲ. ಆದರೆ ಎಪ್ಪತ್ತೈದು ದಾಟಿದ ಅಜ್ಜಿ ಆ ಕೇಕಿಗೆ ಮೊಟ್ಟೆ ಹಾಕಿದ್ದಾರೋ ಇಲ್ಲವೋ ಎಂದು ಎರಡು ಸಲ ತಿರುಗಿಸಿ ನೋಡಿ, ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟುಬಿಡುತ್ತಾರೆ. ಹೂವು ಮೂರು ದಿನ ಹೂದಾನಿಯಲ್ಲಿರುತ್ತದೆ. ಅವರ ತಲೆದಿಂಬಿನ ಕೆಳಗೆ, ದೇವರ ಪೆಟ್ಟಿಗೆಯ ಪಕ್ಕದಲ್ಲಿ, ಕನ್ನಡಕದ ಡಬ್ಬಿಯೊಳಗೆ ವರ್ಷಗಟ್ಟಲೆ ಉಳಿಯುವುದು ಕಾಗದ ಮಾತ್ರ.

ಆ ಕಾಗದ ಬರೆಯುವ ಮೊದಲು ಒಂದು ಪ್ರಶ್ನೆ. ಅವರು ನಿಜವಾಗಿ ಹುಟ್ಟಿದ ದಿನ ಯಾವುದೆಂದು ನಮಗೆ ಗೊತ್ತಿದೆಯೆ?

ಇದು ತಮಾಷೆಗೆ ಕೇಳಿದ್ದಲ್ಲ. 1940 ಮತ್ತು 50ರ ದಶಕಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಜನನ ಪತ್ರ ಮಾಡಿಸುವ ಗೋಜಿಗೆ ಹೋಗುತ್ತಿದ್ದವರು ಕಡಿಮೆ. ಮಗುವನ್ನು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಅದರ ಮುಖ ನೋಡಿ, ಸೇರಿಸಲು ಬೇಕಾದ ವಯಸ್ಸಿಗೆ ಲೆಕ್ಕ ಹೊಂದಿಸಿ, ಒಂದು ತಾರೀಖು ಬರೆದುಕೊಳ್ಳುತ್ತಿದ್ದರು. ಶಾಲೆ ಆರಂಭವಾಗುವುದು ಜೂನ್‌ನಲ್ಲಿ, ಆದ್ದರಿಂದ ಬಹಳ ಮಂದಿಗೆ ಜೂನ್ ಒಂದನೆಯ ತಾರೀಖೇ ಜನ್ಮದಿನವಾಯಿತು. ಒಂದೇ ಮನೆಯ ಅಣ್ಣತಮ್ಮಂದಿರೆಲ್ಲ ಜೂನ್ ಒಂದರಂದೇ ಹುಟ್ಟಿದ ಉದಾಹರಣೆಗಳು ನಮ್ಮ ನಿಮ್ಮ ಬಳಗದಲ್ಲೇ ಸಿಗುತ್ತವೆ! ಅದೇ ತಾರೀಖು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಪಿಂಚಣಿ ಪತ್ರಕ್ಕೆ, ಪಾಸ್‌ಪೋರ್ಟಿಗೆ ಸಾಗಿ ಬಂತು. ಈಗ ನಮ್ಮ ಫೋನು ನೆನಪಿಸುವುದೂ ಅದನ್ನೇ. ಹೆಡ್‌ಮಾಸ್ತರರು ಊಹಿಸಿ ಬರೆದ ದಿನಕ್ಕೆ ನಾವು ಶುಭಾಶಯ ಹೇಳುತ್ತೇವೆ, ಅವರೂ ನಕ್ಕು ಸ್ವೀಕರಿಸುತ್ತಾರೆ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ, ಹಿರಿಯರಿಗೆ ಕೊಡಬಹುದಾದ ಮೊದಲ ಉಡುಗೊರೆ ಅವರ ನಿಜವಾದ ಜನ್ಮದಿನವನ್ನು ಅವರಿಂದಲೇ ಕೇಳಿ ತಿಳಿದು ಬರೆದಿಟ್ಟುಕೊಳ್ಳುವುದು. "ನಿಮ್ಮ ಡೇಟ್ ಆಫ್ ಬರ್ತ್ ಯಾವುದು?" ಎಂದು ಕೇಳಿದರೆ ಪಾಸ್‌ಪೋರ್ಟಿನ ತಾರೀಖನ್ನೇ ಹೇಳುತ್ತಾರೆ. "ನಿಮ್ಮ ಅಮ್ಮ ಏನು ಹೇಳುತ್ತಿದ್ದರು?" ಎಂದು ಕೇಳಿ ನೋಡಿ. ಆಗ ಉತ್ತರದ ಧಾಟಿಯೇ ಬದಲಾಗುತ್ತದೆ. "ಗಾಂಧೀಜಿ ಹೋದ ವರ್ಷ", "ಕರ್ನಾಟಕ ಒಂದಾದ ವರ್ಷ ನಾನು ತೊಟ್ಟಿಲಲ್ಲಿದ್ದೆ", "ನಾಗರಪಂಚಮಿಗೆ ಎರಡು ದಿನ ಮುಂಚೆ, ಜೋರು ಮಳೆಯಂತೆ" ಎಂದು ಶುರುವಾಗುತ್ತದೆ.

ಅಷ್ಟು ಸಿಕ್ಕರೆ ಉಳಿದದ್ದು ಲೆಕ್ಕ. ನಮ್ಮಲ್ಲಿ ಬಳಕೆಯಲ್ಲಿರುವ ಅರವತ್ತು ಸಂವತ್ಸರಗಳ ಚಕ್ರದ ಮೊದಲನೆಯದಾದ ಪ್ರಭವ 1927ರ ಯುಗಾದಿಗೆ ಬಂದಿತ್ತು, ಮತ್ತೆ 1987ರಲ್ಲಿ ಬಂತು. ಅಲ್ಲಿಂದ ಎಣಿಸಿದರೆ 1947 ಸರ್ವಜಿತು, 1951 ಖರ, 1956 ದುರ್ಮುಖಿ. ಒಂದು ಉದಾಹರಣೆ ನೋಡೋಣ. ಅಜ್ಜ "ಖರ ಸಂವತ್ಸರ, ನಾಗರಪಂಚಮಿಗೆ ಎರಡು ದಿನ ಮುಂಚೆ" ಎಂದರು ಎಂದಿಟ್ಟುಕೊಳ್ಳಿ. ಅಂದರೆ ಶ್ರಾವಣ ಶುದ್ಧ ತದಿಗೆ. ಆ ವರ್ಷ ಅದು ಬಿದ್ದದ್ದು 1951ರ ಆಗಸ್ಟ್ ಮೊದಲ ವಾರದಲ್ಲಿ. ಶಾಲೆಯ ದಾಖಲೆ 1950ರ ಜೂನ್ 1 ಎನ್ನುತ್ತಿದ್ದರೆ, ಅಜ್ಜ ದಾಖಲೆಗಿಂತ ಒಂದು ವರ್ಷಕ್ಕೂ ಹೆಚ್ಚು ಚಿಕ್ಕವರು! ಈ ಸುದ್ದಿಯನ್ನು ಅಜ್ಜಿಗೆ ಹೇಳಿ, ಆ ಮನೆಯಲ್ಲಿ ಒಂದು ವಾರಕ್ಕೆ ಸಾಕಾಗುವಷ್ಟು ಮಾತು ನಡೆಯುತ್ತದೆ.

ತಿಥಿ ಪ್ರತಿವರ್ಷ ಒಂದೇ ತಾರೀಖಿಗೆ ಬರುವುದಿಲ್ಲ. ಚಾಂದ್ರಮಾನ ವರ್ಷ ಸುಮಾರು 354 ದಿನದ್ದಾದ್ದರಿಂದ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ, ಅಧಿಕಮಾಸ ಬಂದಾಗ ಮುಂದಕ್ಕೆ ಹಾರುತ್ತದೆ. ನಾಗರಪಂಚಮಿಯನ್ನೇ ನೋಡಿ: 2023ರಲ್ಲಿ ಅಧಿಕ ಶ್ರಾವಣ ಬಂದು ಆಗಸ್ಟ್ 21ಕ್ಕೆ, 2024ರಲ್ಲಿ ಆಗಸ್ಟ್ 9ಕ್ಕೆ, 2025ರಲ್ಲಿ ಜುಲೈ 29ಕ್ಕೆ ಬಂತು. ಹಾಗಾಗಿ ಪ್ರತಿ ಯುಗಾದಿಗೆ ಹೊಸ ಪಂಚಾಂಗ ಕೈಗೆ ಬಂದಾಗ ಮನೆಯ ಹಿರಿಯರ ದಿನಗಳನ್ನು ಗುರುತು ಹಾಕಿಡುವುದು ಒಳ್ಳೆಯದು. ಊರಿನಲ್ಲಿರುವವರ ದಿನವನ್ನು ಊರಿನ ಪಂಚಾಂಗದಲ್ಲೇ ನೋಡಬೇಕು, ಒಂಟಿಕೊಪ್ಪಲ್ ಪಂಚಾಂಗವೋ, ನಿಮ್ಮ ಮಠದ ಪಂಚಾಂಗವೋ, ಅವರು ಯಾವುದನ್ನು ಅನುಸರಿಸುತ್ತಾರೋ ಅದರಲ್ಲಿ. ತಿಥಿ ಬದಲಾಗುವ ಕ್ಷಣ ಲೋಕಕ್ಕೆಲ್ಲ ಒಂದೇ, ಆದರೆ ಸೂರ್ಯೋದಯ ಊರೂರಿಗೆ ಬೇರೆ. ಆದ್ದರಿಂದಲೇ ಇಲ್ಲಿಯ ದಿನಕ್ಕೂ ಅಲ್ಲಿಯ ದಿನಕ್ಕೂ ಕೆಲವೊಮ್ಮೆ ವ್ಯತ್ಯಾಸ ಬರುತ್ತದೆ.

ಕೆಲವು ಮನೆತನಗಳಲ್ಲಿ ತಿಥಿಗಿಂತ ಜನ್ಮನಕ್ಷತ್ರಕ್ಕೆ ಪ್ರಾಶಸ್ತ್ಯ. ಚಂದ್ರ 27 ನಕ್ಷತ್ರಗಳನ್ನು ಸುತ್ತಲು ತೆಗೆದುಕೊಳ್ಳುವ ಕಾಲ ಸುಮಾರು 27 ದಿನ 8 ಗಂಟೆ. ಹೀಗಾಗಿ ಒಂದೇ ಮಾಸದಲ್ಲಿ ಒಂದು ನಕ್ಷತ್ರ ಎರಡು ಸಲ ಬರುವುದುಂಟು, ಆಗ ಮನೆಯ ಪುರೋಹಿತರನ್ನು ಕೇಳಿ. ಅಧಿಕಮಾಸದಲ್ಲಿ ಹುಟ್ಟಿದವರು ಮಾಮೂಲಿ ವರ್ಷಗಳಲ್ಲಿ ಅದೇ ಹೆಸರಿನ ಮಾಸದಲ್ಲಿ ಆಚರಿಸಿಕೊಳ್ಳುತ್ತಾರೆ. 1947ರ ಆಗಸ್ಟ್ 15 ಕೂಡ ಅಧಿಕ ಶ್ರಾವಣದಲ್ಲೇ ಬಂದಿತ್ತು!

ಲೆಕ್ಕ ಇಷ್ಟಪಡುವ ಮಕ್ಕಳಿಗೆ ಇನ್ನೊಂದು ಸ್ವಾರಸ್ಯ ಇದೆ. 235 ಚಾಂದ್ರಮಾಸಗಳೂ 19 ಸೌರವರ್ಷಗಳೂ ಹೆಚ್ಚುಕಡಿಮೆ ಸಮ. ಅಂದರೆ 19, 38, 57 ಮತ್ತು 76 ವರ್ಷ ತುಂಬುವಾಗ ತಿಥಿ ಮತ್ತು ತಾರೀಖು ಮತ್ತೆ ಒಟ್ಟಿಗೆ ಬರುತ್ತವೆ, ಬಹಳವೆಂದರೆ ಒಂದು ದಿನ ಆಚೀಚೆ. ಎಪ್ಪತ್ತಾರನೆಯ ವರ್ಧಂತಿಯನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ. "ಅಜ್ಜಿ, ಈ ವರ್ಷ ನಿಮ್ಮ ಚಂದ್ರನೂ ಸೂರ್ಯನೂ ನಾಲ್ಕನೆಯ ಸಲ ಜೊತೆಯಾಗಿದ್ದಾರೆ" ಎಂದು ಮೊಮ್ಮಗ ಬರೆದರೆ ಅದು ಅಂಗಡಿಯಲ್ಲಿ ಸಿಗುವ ಕಾರ್ಡಲ್ಲ.

ಸಾಂಪ್ರದಾಯಿಕವಾಗಿ ವಿಶೇಷವಾದವು ನಿಮಗೆ ಗೊತ್ತೇ ಇವೆ. ಅರವತ್ತು ತುಂಬಿದಾಗ ಹುಟ್ಟಿದ ಸಂವತ್ಸರವೇ ತಿರುಗಿ ಬರುವುದರಿಂದ ಷಷ್ಟ್ಯಬ್ದಿಪೂರ್ತಿ; 1966ರ ಪರಾಭವದಲ್ಲಿ ಹುಟ್ಟಿದವರಿಗೆ 2026ರ ಯುಗಾದಿಯಿಂದ ಮತ್ತೆ ಪರಾಭವ. ಎಪ್ಪತ್ತಕ್ಕೆ ಭೀಮರಥ ಶಾಂತಿ. ಎಂಬತ್ತು ದಾಟಿದ ಮೇಲೆ ಸಹಸ್ರಚಂದ್ರ ದರ್ಶನ. ಸಾವಿರ ಹುಣ್ಣಿಮೆಗಳಿಗೆ ಗಣಿತದ ಪ್ರಕಾರ ಸುಮಾರು 80 ವರ್ಷ 10 ತಿಂಗಳು ಬೇಕು. ಶಾಂತಿಯನ್ನು ಯಾವಾಗ ಮಾಡಬೇಕೆಂಬ ಎಣಿಕೆ ಮನೆಮನೆಗೆ ಬೇರೆ ಇದ್ದೀತು. ಈ ಸಂದರ್ಭಕ್ಕೆ ಊರಿಗೆ ಹೋಗಲು ಆಗದವರು ಒಂದು ಕೆಲಸ ಮಾಡಬಹುದು. ದೊಡ್ಡ ಹಾಳೆಯಲ್ಲಿ ಸಾವಿರ ಪುಟ್ಟ ವೃತ್ತಗಳನ್ನು ಮಕ್ಕಳ ಕೈಯಲ್ಲಿ ಬರೆಸಿ. ಒಂದು ಸಾಲಿಗೆ ಐವತ್ತರಂತೆ ಇಪ್ಪತ್ತು ಸಾಲು. ಮದುವೆಯಾದ ತಿಂಗಳ ಹುಣ್ಣಿಮೆ, ಮೊದಲ ಮಗು ಹುಟ್ಟಿದ ಹುಣ್ಣಿಮೆ, ಮನೆ ಕಟ್ಟಿದ ಹುಣ್ಣಿಮೆ ಇವಕ್ಕೆ ಅರಿಸಿನ ಬಣ್ಣ ಹಚ್ಚಿಸಿ ಕಳಿಸಿ. ಯಾವುದು ಯಾವಾಗ ಎಂದು ಕೇಳಲು ನೀವು ಎಷ್ಟೋ ಸಲ ಫೋನು ಮಾಡಬೇಕಾಗುತ್ತದೆ. ಅದೂ ಉಡುಗೊರೆಯ ಭಾಗವೇ.

ಈಗ ಮಾತಿನ ವಿಷಯಕ್ಕೆ ಬರೋಣ. ಹುಟ್ಟುಹಬ್ಬಕ್ಕೆ ನಮ್ಮಲ್ಲಿರುವ ಹಳೆಯ ಪದ ವರ್ಧಂತಿ. ಮೈಸೂರು ಮಹಾರಾಜರ ವರ್ಧಂತಿ ಎಂದು ಅರಮನೆಯಲ್ಲಿ ನಡೆಯುತ್ತಿತ್ತು, ಆಷಾಢದಲ್ಲಿ ಚಾಮುಂಡಿ ಬೆಟ್ಟದಲ್ಲಿ ಅಮ್ಮನವರ ವರ್ಧಂತಿ ಈಗಲೂ ನಡೆಯುತ್ತದೆ. ಬೆಳೆಯುವುದು, ವೃದ್ಧಿಸುವುದು ಎಂಬ ಅರ್ಥ ಅದರೊಳಗಿದೆ. ಜಯಂತಿ ಬೇರೆ. ಅದು ಅವತಾರಪುರುಷರಿಗೆ, ಕಾಲವಾದ ಮಹನೀಯರಿಗೆ. ಕನ್ನಡ ಕಲಿಯುತ್ತಿರುವ ನಮ್ಮ ಮಕ್ಕಳು ನಿಘಂಟು ನೋಡಿ "ತಾತನ ಜಯಂತಿಯ ಶುಭಾಶಯ" ಎಂದು ಬರೆದರೆ ಬೈಯಬೇಡಿ, ಆದರೆ ಅಂಚೆಗೆ ಹಾಕುವ ಮೊದಲು ತಿದ್ದಿ!

ಇನ್ನೊಂದು ಸೂಕ್ಷ್ಮ ಇದೆ. ಇಂಗ್ಲಿಷಿನಲ್ಲಿ ಹ್ಯಾಪಿ ಬರ್ತ್‌ಡೇ ಎಂದರೆ ಎಲ್ಲರಿಗೂ ಒಂದೇ. ನಮ್ಮ ಭಾಷೆಯಲ್ಲಿ ಹಾಗಲ್ಲ. ಹಿರಿಯರು ಕಿರಿಯರಿಗೆ ಆಶೀರ್ವಾದ ಮಾಡುತ್ತಾರೆ: ನೂರು ವರ್ಷ ಬಾಳು, ದೀರ್ಘಾಯುಷ್ಮಾನ್ ಭವ, ಹೆಣ್ಣುಮಗುವಿಗೆ ಆಯುಷ್ಮತೀ ಭವ. ಸಮವಯಸ್ಕರು ಹಾರೈಸುತ್ತಾರೆ. ಕಿರಿಯರು ಹಿರಿಯರಿಗೆ ಆಶೀರ್ವದಿಸುವಂತಿಲ್ಲ. ನಮಸ್ಕರಿಸುತ್ತಾರೆ, ಅವರ ಆಯುರಾರೋಗ್ಯಕ್ಕಾಗಿ ದೇವರನ್ನು ಪ್ರಾರ್ಥಿಸುತ್ತಾರೆ, ಅವರ ಆಶೀರ್ವಾದ ಬೇಡುತ್ತಾರೆ. ಆದ್ದರಿಂದ ಅಜ್ಜನ ವರ್ಧಂತಿಯ ದಿನ ಕೊಡುವವರು ಅಜ್ಜ, ಪಡೆಯುವವರು ನಾವು. ಕೈಲಾಗದೆ ಮನೆಯಲ್ಲಿ ಕುಳಿತಿರುವ ಹಿರಿಯರಿಗೆ, ತಾವು ಇನ್ನೂ ಏನನ್ನಾದರೂ ಕೊಡಬಲ್ಲೆವು ಎನ್ನಿಸುವಷ್ಟು ಸಂತೋಷ ಬೇರೆ ಯಾವ ಉಡುಗೊರೆಯೂ ತರಲಾರದು ಎಂದು ನನಗೆ ಅನ್ನಿಸುತ್ತದೆ.

ಹಳೆಯ ಕಾಗದಗಳ ಒಕ್ಕಣೆಯಲ್ಲಿ ಈ ಕ್ರಮವೆಲ್ಲ ಅಡಗಿತ್ತು. ತಂದೆಗೆ ತೀರ್ಥರೂಪು, ತಾಯಿಗೆ ಮಾತೃಶ್ರೀ, ಕಿರಿಯರಿಗೆ ಚಿರಂಜೀವಿ. ಮಕ್ಕಳಿಗೆ ಇಷ್ಟನ್ನು ಕಲಿಸಿ, ಉಳಿದದ್ದನ್ನು ಅವರ ಮಾತಿನಲ್ಲೇ ಬರೆಯಲು ಬಿಡಿ. ಅಕ್ಷರ ಸೊಟ್ಟಗಿರಲಿ, ಒತ್ತು ತಪ್ಪಲಿ. ಕೊನೆಯಲ್ಲಿ ಒಂದು ಪ್ರಶ್ನೆ ಮಾತ್ರ ಇರಲೇಬೇಕು, ಅಜ್ಜನೊಬ್ಬರೇ ಉತ್ತರಿಸಬಲ್ಲ ಪ್ರಶ್ನೆ. ಹತ್ತು ವರ್ಷದ ಮೊಮ್ಮಗಳ ಕಾಗದ ಹೀಗಿದ್ದರೆ ಸಾಕು:

"ಪೂಜ್ಯ ತಾತನವರಿಗೆ ನಿಮ್ಮ ಮೊಮ್ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ. ನಾಗರಪಂಚಮಿಗೆ ಎರಡು ದಿನ ಮುಂಚೆ ನಿಮ್ಮ ವರ್ಧಂತಿ ಅಂತ ಈ ವರ್ಷ ನನಗೆ ಗೊತ್ತಾಯಿತು. ಆ ದಿನ ನಮ್ಮ ದೇವಸ್ಥಾನದಲ್ಲಿ ನಿಮ್ಮ ಹೆಸರು ಹೇಳಿ ಅರ್ಚನೆ ಮಾಡಿಸುತ್ತೇವೆ. ನಿಮ್ಮ ಗೋತ್ರ, ನಕ್ಷತ್ರ, ರಾಶಿ ನಾನು ಬಾಯಿಪಾಠ ಮಾಡಿದ್ದೇನೆ. ಅಮ್ಮ ಹೆಸರುಬೇಳೆ ಪಾಯಸ ಮಾಡುತ್ತಾಳೆ, ನಿಮ್ಮ ಪಾಲು ನಾನು ತಿನ್ನುತ್ತೇನೆ. ನೀವು ನನ್ನ ಹಾಗೆ ಹತ್ತು ವರ್ಷದವರಾಗಿದ್ದಾಗ ಶಾಲೆಗೆ ಹೇಗೆ ಹೋಗುತ್ತಿದ್ದಿರಿ? ಕಾಗದ ಬರೆಯಿರಿ. ನನಗೆ ಆಶೀರ್ವಾದ ಮಾಡಿ."

ಮುಂದಿನ ವರ್ಷ ಬೇರೆ ಪ್ರಶ್ನೆ. ವರ್ಧಂತಿಯ ದಿನ ಮಾರ್ಕಂಡೇಯನನ್ನೂ ಏಳು ಚಿರಂಜೀವಿಗಳನ್ನೂ ಸ್ಮರಿಸಿ, ಎಳ್ಳು ಬೆಲ್ಲ ಬೆರೆಸಿದ ಹಾಲು ಕುಡಿಯುವ ಪದ್ಧತಿ ಇನ್ನೂ ಇರುವ ಮನೆಗಳುಂಟು. ಅಂಥ ಮನೆಯ ಮಕ್ಕಳು ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಇವರಲ್ಲಿ ವರ್ಷಕ್ಕೊಬ್ಬರ ಕಥೆಯನ್ನು ಅಜ್ಜಿಯಿಂದ ಕೇಳಬಹುದು. ಏಳು ವರ್ಷಕ್ಕೆ ಕೆಲಸವಾಯಿತು. ಅಶ್ವತ್ಥಾಮನಿಗೆ ಚಿರಂಜೀವಿತ್ವ ಬಂದದ್ದು ವರವಾಗಿಯಲ್ಲ, ಶಾಪವಾಗಿ ಎಂಬುದನ್ನು ಅಜ್ಜಿ ಹೇಗೆ ವಿವರಿಸುತ್ತಾರೋ ಕೇಳಬೇಕು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಮನೆಯಲ್ಲಿ ಸಾವಾಗಿ ವರ್ಷ ತುಂಬದಿದ್ದರೆ ಹಬ್ಬವಿಲ್ಲ. ಅಜ್ಜ ಹೋದ ಮೇಲೆ ಬರುವ ಅಜ್ಜಿಯ ಮೊದಲ ಹುಟ್ಟಿದ ದಿನಕ್ಕೆ ಬಣ್ಣದ ಕಾರ್ಡು, ಹೂಗುಚ್ಛ ಕಳಿಸಬೇಡಿ. ಹಾಗೆಂದು ಸುಮ್ಮನಿರಲೂಬೇಡಿ, ಆ ದಿನ ಫೋನು ಬಾರದಿದ್ದರೆ ಅವರಿಗೆ ಖಂಡಿತ ಗೊತ್ತಾಗುತ್ತದೆ. ಶುಭಾಶಯ, ಹಬ್ಬ ಎಂಬ ಪದಗಳನ್ನು ಬಿಟ್ಟು ಸುಮ್ಮನೆ ಫೋನು ಮಾಡಿ, ಊಟವಾಯಿತೆ ಎಂದು ಕೇಳಿ, ನಮಸ್ಕಾರ ಹೇಳಿ. ಅಜ್ಜನ ಮಾತು ಅವರೇ ತೆಗೆದರೆ ಕೇಳಿಸಿಕೊಳ್ಳಿ. ಗಡಿಯಾರ ನೋಡಬೇಡಿ.

ಇನ್ನು ಸಮಯದ ಲೆಕ್ಕ. ಕಾಗದವನ್ನು ಮೂರು ವಾರ ಮೊದಲೇ ಅಂಚೆಗೆ ಹಾಕಿ. ಫೋನನ್ನಾದರೆ ಅವರು ಎಣ್ಣೆ ನೀರು ಹಾಕಿಕೊಳ್ಳುವ ಮೊದಲೇ ಮಾಡುವುದು ಚೆಂದ. ಬೆಂಗಳೂರಿನಲ್ಲಿ ಬೆಳಿಗ್ಗೆ 6 ಗಂಟೆ ಎಂದರೆ ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಹಿಂದಿನ ದಿನದ ರಾತ್ರಿ 8.30, ಕ್ಯಾಲಿಫೋರ್ನಿಯಾದಲ್ಲಿ ಸಂಜೆ 5.30. ನವೆಂಬರಿನಲ್ಲಿ ನಾವು ಇಲ್ಲಿ ಗಡಿಯಾರ ಹಿಂದಿಟ್ಟ ಮೇಲೆ 7.30 ಮತ್ತು 4.30. ಭಾರತದಲ್ಲಿ ಗಡಿಯಾರ ಬದಲಾಯಿಸುವುದಿಲ್ಲವಾದ್ದರಿಂದ ಲೆಕ್ಕ ತಪ್ಪುವುದು ಯಾವಾಗಲೂ ನಮ್ಮ ಕಡೆಯಿಂದಲೇ. ಫೋನನ್ನು ಮೊದಲು ಮಕ್ಕಳ ಕೈಗೆ ಕೊಡಿ. ನೀವು ಮೊದಲು ಮಾತು ಶುರು ಮಾಡಿದರೆ ಬಿ.ಪಿ. ಮಾತ್ರೆ, ಬ್ಯಾಂಕಿನ ಫಾರಂ, ನಲ್ಲಿ ರಿಪೇರಿ ಎಂದು ಅರ್ಧ ಗಂಟೆ ಕಳೆದು, ಮಕ್ಕಳು ನಿದ್ದೆಹೋಗಿರುತ್ತಾರೆ.