ಹಳೆಯ ಸಿನಿಮಾ, ದೊಡ್ಡ ಪರದೆ: ಬೆಂಗಳೂರಿನಲ್ಲಿ ನೋಡುವುದು ಎಲ್ಲಿ, ಹೇಗೆ?

1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಈ ವಾರ ಆಗದಿದ್ದರೆ ಮುಂದಿನ ವಾರ ಹೋದರಾಯಿತು ಎನ್ನುವ ಕಾಲ ಅದು. ಈಗ ಹಳೆಯ ಚಿತ್ರವೊಂದು ಊರಿಗೆ ಬಂದರೆ ಹೆಚ್ಚಾಗಿ ಒಂದು ಸಂಜೆಯ ಮಟ್ಟಿಗೆ, ಒಂದೇ ಪ್ರದರ್ಶನಕ್ಕೆ ಬರುತ್ತದೆ. ಮರುದಿನ ಸುದ್ದಿ ತಿಳಿದು ಪ್ರಯೋಜನವಿಲ್ಲ. ಹಾಗಾಗಿ ಸಿದ್ಧತೆ ಮೊದಲೇ ಆಗಿರಲಿ.

1. ಫಿಲಂ ಸೊಸೈಟಿ ಸೇರಿ

ಬನಶಂಕರಿ ಎರಡನೇ ಹಂತದಲ್ಲಿರುವ ‘ಸುಚಿತ್ರಾ’ದಿಂದ ಶುರುಮಾಡಿ. 1971ರಲ್ಲಿ ಹುಟ್ಟಿದ ಈ ಸೊಸೈಟಿಗೆ ಸ್ವಂತ ಸಭಾಂಗಣವಿದೆ. ಸದಸ್ಯತ್ವದ ವಿವರವನ್ನು ಅಲ್ಲಿಗೇ ಹೋಗಿ ವಿಚಾರಿಸಿ. ಪ್ರದರ್ಶನದ ಬಳಿಕ ಸಂವಾದವಿದ್ದರೆ ಎದ್ದು ಹೊರಡಬೇಡಿ. ಚಿತ್ರ ನೋಡುವ ಕಣ್ಣು ಪಳಗುವುದು ಅಲ್ಲೇ.

2. ಸಾಂಸ್ಕೃತಿಕ ಕೇಂದ್ರಗಳ ಮೇಲೆ ಕಣ್ಣಿಡಿ

ವಸಂತನಗರದ ಅಲಯನ್ಸ್ ಫ್ರಾಂಸೇಸ್, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ಗಳಲ್ಲಿ ಆಗಾಗ ಚಿತ್ರಪ್ರದರ್ಶನ ಇರುತ್ತದೆ. ಅವುಗಳ ಇಮೇಲ್ ಪಟ್ಟಿಗೆ ಹೆಸರು ಕೊಡಿ. ಪ್ರವೇಶ ಉಚಿತವಿದ್ದರೆ ಅರ್ಧ ಗಂಟೆ ಮೊದಲೇ ತಲುಪಿ. ಪರಭಾಷೆಯ ಚಿತ್ರವಾದರೆ ಸಬ್‌ಟೈಟಲ್ ಇದೆಯೇ ಎಂದು ಕೇಳಿಕೊಳ್ಳಿ.

3. ಚಿತ್ರೋತ್ಸವದಲ್ಲಿ ಹಳೆಯದನ್ನು ಮೊದಲು ಆರಿಸಿ

ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಬರುತ್ತದೆ. ಪ್ರತಿನಿಧಿ ಪಾಸ್ ಮಾಡಿಸಿ, ವೇಳಾಪಟ್ಟಿ ಬಂದ ಕೂಡಲೇ ‘ಸಿಂಹಾವಲೋಕನ’, ‘ಶ್ರದ್ಧಾಂಜಲಿ’ ವಿಭಾಗಗಳಿಗೆ ಗುರುತು ಹಾಕಿ. ಹೊಸ ಚಿತ್ರ ನಾಳೆ ಒಟಿಟಿಗೂ ಬಂದೀತು. ಹಳೆಯದು ಮತ್ತೆ ದೊಡ್ಡ ಪರದೆಗೆ ಬರುವ ಭರವಸೆಯಿಲ್ಲ.

4. ಮರುಬಿಡುಗಡೆಯ ದಿನಗಳನ್ನು ಗಮನಿಸಿ

ನಟರ ಹುಟ್ಟುಹಬ್ಬ, ಶತಮಾನೋತ್ಸವಗಳ ಆಸುಪಾಸಿನಲ್ಲಿ ಹಳೆಯ ಚಿತ್ರಗಳು ಚಿತ್ರಮಂದಿರಕ್ಕೆ ಮರಳುತ್ತವೆ. 1971ರ ಕಪ್ಪು-ಬಿಳುಪಿನ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಕೊಂಡು ಬಂತು. 2024ರ ಡಿಸೆಂಬರ್‌ನಲ್ಲಿ ರಾಜ್ ಕಪೂರ್ ಶತಮಾನೋತ್ಸವಕ್ಕೆ ಅವರ ಹತ್ತು ಚಿತ್ರಗಳು ದೇಶದ ಹಲವು ನಗರಗಳಲ್ಲಿ ನೂರು ರೂಪಾಯಿ ಟಿಕೆಟ್ಟಿಗೆ ತೆರೆಕಂಡವು. ಬುಕಿಂಗ್ ಆ್ಯಪ್‌ನಲ್ಲಿ ವಾರಕ್ಕೊಮ್ಮೆ ಹುಡುಕಿ. ಮೊದಲ ಶನಿವಾರ-ಭಾನುವಾರವೇ ನೋಡಿಬಿಡಿ. ಸೋಮವಾರದ ಹೊತ್ತಿಗೆ ಶೋ ಕಡಿಮೆಯಾಗಬಹುದು.

5. ‘ಯಾವ ಪ್ರತಿ?’ ಎಂದು ಕೇಳಿ

ಆಯೋಜಕರಿಗೆ ಮೊದಲೇ ಫೋನ್ ಮಾಡಿ. ‘ಡಿಸಿಪಿ’ ಎಂದರೆ ಚಿತ್ರಮಂದಿರಕ್ಕೆಂದೇ ಸಿದ್ಧಪಡಿಸಿದ ಡಿಜಿಟಲ್ ಪ್ರತಿ. ಡಿವಿಡಿಯಾದರೆ ದೊಡ್ಡ ಪರದೆಯಲ್ಲಿ ಚಿತ್ರ ಮಸುಕಾಗುತ್ತದೆ. ಮೂಲ ನೆಗೆಟಿವ್ ಅಥವಾ ಉತ್ತಮ ಪ್ರಿಂಟ್‌ನಿಂದ ಪುನರುಜ್ಜೀವನಗೊಳಿಸಿದ್ದಾದರೆ ಇನ್ನೂ ಒಳ್ಳೆಯದು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಹೀಗೆ ಹೊಸ ಜೀವ ಪಡೆದು 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅದರ ಕೊನೆಯಲ್ಲಿ, ಬಹಿಷ್ಕಾರಕ್ಕೊಳಗಾಗಿ ತಲೆ ಬೋಳಿಸಿಕೊಂಡ ನಾಯಕಿ ಯಮುನಾ ಮರದಡಿ ಒಬ್ಬಳೇ ಕೂತಿರುತ್ತಾಳೆ. ಮೊಬೈಲಿನಲ್ಲಿ ಅವಳು ಉಗುರಿನಷ್ಟು. ದೊಡ್ಡ ಪರದೆಯಲ್ಲಿ ಅವಳ ಸುತ್ತಲಿನ ಖಾಲಿ ಜಾಗವೂ ಕಾಣುತ್ತದೆ. ಬಹಿಷ್ಕಾರ ಎಂದರೇನೆಂದು ಆ ಖಾಲಿ ಜಾಗ ಹೇಳುತ್ತದೆ.

6. ಮನೆಯವರನ್ನೂ ಕರೆದೊಯ್ಯಿರಿ

ನೀವು ನೋಡಹೊರಟ ಹಳೆಯ ಚಿತ್ರವನ್ನು ಮೊದಲ ಬಿಡುಗಡೆಯಲ್ಲೇ ನೋಡಿದ ಹಿರಿಯರು ಮನೆಯಲ್ಲಿದ್ದರೆ ಅವರಿಗೂ ಒಂದು ಟಿಕೆಟ್ ತೆಗೆಯಿರಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಹೊರಡುವ ಮುನ್ನ, ಮುಂದೆ ಯಾವ ಚಿತ್ರ ಬೇಕೆಂದು ಆಯೋಜಕರಿಗೆ ಹೇಳಿ ಬನ್ನಿ. ಕುರ್ಚಿಗಳು ತುಂಬಿದ್ದನ್ನು ಕಂಡರೆ ಮತ್ತೊಂದು ಹಳೆಯ ಚಿತ್ರ ತರಿಸಲು ಅವರಿಗೂ ಧೈರ್ಯ ಬರುತ್ತದೆ.