ಹೆಣ್ಣು ನೋಡಲು ಹೊರಟವರ ಮುಖದ ಉರಿ

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಸಾಲಿಗ್ರಾಮದ ಹತ್ತಿರ ನಮ್ಮದು ಸ್ವಲ್ಪ ಗದ್ದೆ, ಸ್ವಲ್ಪ ಹೊಗೆಸೊಪ್ಪು. ಮನೆಯಲ್ಲಿ ಹೆಣ್ಣು ಹುಡುಕುತ್ತಿದ್ದಾರೆ. ಒಂದು ಕಡೆಯವರು ‘ಹುಡುಗ ಕಪ್ಪು’ ಅಂದರಂತೆ. ಗೆಳೆಯ ಹೇಳಿದ ಕ್ರೀಮನ್ನು ಮೆಡಿಕಲ್ ಸ್ಟೋರಿನಿಂದ ತಂದು ಹಚ್ಚಿದೆ. ಮೊದಮೊದಲು ಮುಖ ಬೆಳ್ಳಗಾಯಿತು. ಈಗ ಒಂದು ದಿನ ಬಿಟ್ಟರೂ ಉರಿ, ಕೆಂಪು, ಗುಳ್ಳೆ. ಶೇವ್ ಮಾಡಿದರೆ ಗದ್ದದ ಕೆಳಗೆ ಗಂಟುಗಳು ಏಳುತ್ತವೆ. ‘ಗಂಡಸಿಗೆ ಯಾಕೋ ಈ ಸೋಕಿ’ ಅಂತ ಅಣ್ಣ ನಗುತ್ತಾನೆ. ಏನು ಮಾಡಲಿ?

ಉತ್ತರ: ಅಣ್ಣ ನಗಲಿ ಬಿಡಿ. ಬಿಸಿಲಲ್ಲಿ ದುಡಿಯುವವನ ಚರ್ಮಕ್ಕೇ ಆರೈಕೆ ಹೆಚ್ಚು ಬೇಕು, ಅದು ಸೋಕಿಯಲ್ಲ. ನನಗೆ ಚಿಂತೆ ಆ ಟ್ಯೂಬಿನದು. ನೀವು ಹೇಳುವ ಲಕ್ಷಣಗಳನ್ನು ನೋಡಿದರೆ ಅದರಲ್ಲಿ ಸ್ಟೀರಾಯ್ಡ್ ಇದ್ದಂತಿದೆ. ಟ್ಯೂಬಿನ ಹಿಂದೆ ಕ್ಲೋಬೆಟಸಾಲ್, ಬೆಟಾಮೆಥಸೋನ್, ಮೊಮೆಟಸೋನ್, ಈ ಮೂರರಲ್ಲಿ ಯಾವುದಾದರೂ ಹೆಸರಿದೆಯೇ ನೋಡಿ. ಇವು ಇಸುಬಿನಂಥ ಕಾಯಿಲೆಗೆ ವೈದ್ಯರು ಲೆಕ್ಕ ಹಾಕಿ, ಕೆಲವು ದಿನಕ್ಕೆಂದು ಕೊಡುವ ಔಷಧ. ಸುಮ್ಮನೆ ಮುಖಕ್ಕೆ ಹಚ್ಚುತ್ತಾ ಹೋದರೆ ಮೊದಲು ಬಿಳುಪು ಕಾಣುತ್ತದೆ, ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಎದ್ದು, ಗುಳ್ಳೆ ಬರುತ್ತದೆ. ಬಿಟ್ಟ ಕೂಡಲೇ ಉರಿಯುವುದರಿಂದ ಮತ್ತೆ ಅದನ್ನೇ ಹಚ್ಚುವಂತಾಗುತ್ತದೆ. ತೊಡೆಸಂದಿಯ ಹುಳುಕಡ್ಡಿಗೂ ನಮ್ಮ ಹುಡುಗರು ಇದನ್ನೇ ತಿಕ್ಕುತ್ತಾರೆ. ತುರಿಕೆ ನಿಂತಂತೆ ಕಂಡರೂ ಒಳಗೊಳಗೇ ಹುಳುಕಡ್ಡಿ ಹರಡುತ್ತದೆ. ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಆದರೂ ಕೇಳಿದವರ ಕೈಗೆ ಸಿಗುತ್ತಲೇ ಇವೆ.

ಇನ್ನು ಬಣ್ಣದ ಮಾತು. ಗಂಡಸರಿಗೆಂದೇ ಬಿಳುಪಿನ ಕ್ರೀಮು ನಮ್ಮ ಮಾರುಕಟ್ಟೆಗೆ ಬಂದದ್ದು 2005ರಲ್ಲಿ. ಅದಕ್ಕೆ ಮುಂಚೆ ನಿಮ್ಮ ಅಪ್ಪ, ದೊಡ್ಡಪ್ಪಂದಿರಿಗೆ ಮದುವೆಯಾಗಲಿಲ್ಲವೇ? 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ಅವರ ಗೋಳು ಬೇಸಾಯಗಾರನಿಗೆ ಹೆಣ್ಣು ಕೊಡುತ್ತಿಲ್ಲ ಎಂಬುದು. ನಿಮ್ಮನ್ನು ಬೇಡವೆಂದವರಿಗೂ ಬಣ್ಣ ಒಂದು ನೆಪವಿರಬಹುದು. ಅವರ ಕಣ್ಣಿಗೆ ಬೇಸಾಯವೇ ಕೊರತೆಯಾಗಿದ್ದರೆ ಕ್ರೀಮು ಅದನ್ನು ತುಂಬುವುದಿಲ್ಲ.

ಹೊಗೆಸೊಪ್ಪಿನವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಇದು ಅಂದಕ್ಕಿಂತ ಆರೋಗ್ಯದ ವಿಷಯ. ಇಬ್ಬನಿ ಅಥವಾ ಮಳೆಯಲ್ಲಿ ನೆನೆದ ಸೊಪ್ಪು ಮುರಿಯುವಾಗ ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ಸಂಜೆ ತಲೆಸುತ್ತು, ವಾಂತಿ ಬಂದರೆ ‘ಪಿತ್ತ’ ಎಂದು ಸುಮ್ಮನಾಗುವುದು ಬಹಳ ಸಲ ಇದನ್ನೇ. ತುಂಬುತೋಳಿನ ಅಂಗಿ, ನೀರು ಇಳಿಯದ ಕೈಗವಸು ಹಾಕಿ. ಬಟ್ಟೆ ನೆನೆದರೆ ಬದಲಿಸಿ, ಮನೆಗೆ ಬಂದ ಕೂಡಲೇ ಸ್ನಾನ ಮಾಡಿ. ಕೈಗೆ ಮೆತ್ತಿದ ಕರಿ ಅಂಟನ್ನು ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಬಿಡಿಸಿ, ಆಮೇಲೆ ಮೈಸೋಪಿನಿಂದ ತೊಳೆಯಿರಿ. ಬಟ್ಟೆ ಸೋಪಿನಲ್ಲಿ ಕೈ ಮುಖ ಉಜ್ಜುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ಮುಖಕ್ಕೆ ದಿನಕ್ಕೆ ಎರಡು ಸಲ ಸೌಮ್ಯ ಸೋಪು ಸಾಕು. ಒರೆಸಿದ ಮೇಲೆ ತೇವ ಆರುವ ಮುಂಚೆ ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚಿ. ಗುಳ್ಳೆ ಇರುವ ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ, ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳಿ. ಹೊಲಕ್ಕೆ ಹೊರಡುವ ಮೊದಲು ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್ ಬಳಿಯುವುದು ಒಳ್ಳೆಯದು, ಆದರೆ ಎರಡು ಗಂಟೆಗೊಮ್ಮೆ, ಬೆವರಿದರೆ ಇನ್ನೂ ಬೇಗ, ಮತ್ತೆ ಹಚ್ಚಬೇಕು. ಗದ್ದೆಯಲ್ಲಿ ಅದಾಗದ ಮಾತು ಎನಿಸಿದರೆ ಅಗಲ ಅಂಚಿನ ಟೋಪಿ ಇಲ್ಲವೇ ತಲೆಗೊಂದು ಟವೆಲ್ಲು ಅದಕ್ಕಿಂತ ನಂಬಿಕಸ್ಥ.

ಗದ್ದದ ಗಂಟು ಏಳುವುದು ಕೂದಲು ಚರ್ಮದೊಳಗೇ ಮುರುಟಿ ಬೆಳೆಯುವುದರಿಂದ. ಸ್ನಾನದ ನಂತರ, ಕೂದಲು ಬೆಳೆದ ದಿಕ್ಕಿಗೇ ಬ್ಲೇಡು ಎಳೆಯಿರಿ. ಎದುರು ದಿಕ್ಕಿಗೆ ಎರಡನೇ ಸಲ ಎಳೆಯಬೇಡಿ. ಮುಖದ ಉರಿ ಇಳಿಯುವ ತನಕ ಟ್ರಿಮ್ಮರ್ ಸಾಕು. ಕ್ಷೌರದಂಗಡಿಗೆ ಹೋದರೆ ನಿಮ್ಮ ಕಣ್ಣೆದುರೇ ಹೊಸ ಬ್ಲೇಡು ಹಾಕಿಸಿ. ಒಬ್ಬರ ರಕ್ತ ತಾಗಿದ ಬ್ಲೇಡಿನಿಂದ ಕಾಮಾಲೆಯ ಹೆಪಟೈಟಿಸ್ ಬಿ ಮತ್ತು ಸಿ ಹರಡಬಲ್ಲವು. ಕೇಳಲು ಸಂಕೋಚ ಬೇಡ.

ಕ್ರೀಮನ್ನು ನೀವೇ ಇದ್ದಕ್ಕಿದ್ದಂತೆ ಬಿಟ್ಟರೆ ಉರಿ ಕೆಲವು ವಾರ ಜೋರಾಗಬಹುದು, ಆಗ ಹೆದರಿ ಮತ್ತೆ ಹಚ್ಚಿಬಿಡುತ್ತೀರಿ. ಅದಕ್ಕೇ ಈ ವಾರವೇ ಚರ್ಮದ ವೈದ್ಯರನ್ನು ನೋಡಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಕ್ರಮೇಣ ಇಳಿಸುವುದೋ, ಬೇರೆ ಔಷಧ ಕೊಡುವುದೋ ಅವರು ತೀರ್ಮಾನಿಸುತ್ತಾರೆ. ಹೋಗುವಾಗ ಆ ಟ್ಯೂಬನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಎಷ್ಟು ತಿಂಗಳಿಂದ ಹಚ್ಚುತ್ತಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ.